ಕನ್ನಡಿ ಹಿಡಿದು ಓದುವ ಹೆಸರು

ಬಟ್ಟೆಯಿಂದ ಒರೆಸುವ ಕೆಲಸ ಮುಗಿದಿದೆ. ಈಗ ಅಂಗೈಯ ಸರದಿ. ಒನೊರೀನ್ ಬಲಗೈಯನ್ನು ಸೀಮೆಸುಣ್ಣದ ಪುಡಿಗೆ ತಾಗಿಸಿ, ಮಸಿ ಬಳಿದ ತಾಮ್ರದ ತಗಡಿನ ಮೇಲೆ ಹಗುರವಾಗಿ ಎಳೆಯುತ್ತಾರೆ. ಮೇಲಿನ ಮಸಿ ಹೋಗುತ್ತದೆ, ಕೊರೆದ ಗೆರೆಗಳೊಳಗಿನದು ಉಳಿಯುತ್ತದೆ. ಗಡ್ಡದ ಮುಖವೊಂದು ಮೆಲ್ಲಗೆ ಎದ್ದುಬರುತ್ತದೆ. ಚಿತ್ರದಲ್ಲಿನ ಕೋಟಿನ ಮೂಲೆಯಲ್ಲಿರುವ ಹೆಸರಿನ ಬಳಿ ಕೈ ನಿಲ್ಲುತ್ತದೆ. ಸೇನ್ ನದಿಯ ಎಡದಂಡೆಯ ಈ ಅಚ್ಚುಮನೆಗೆ ಇನ್ನೂ ಬೆಳಕು ಪೂರ್ತಿ ಬಂದಿಲ್ಲ. ಒಲೆಯ ಮೇಲೆ ಚಿಕೋರಿ ಕಾಫಿ ಕುದಿಯುತ್ತಿದೆ.

ಮುಖ ಆನ್ಸೆಲ್ಮ್ ವೋತ್ರೆಯವರದು. ಇಂಪ್ರೆಶನಿಸ್ಟರು ಎಂದು ಪತ್ರಿಕೆಗಳು ಅಣಕಿಸುತ್ತಿದ್ದ ಗುಂಪಿನ ಚಿತ್ರಕಾರ. ಕಳೆದ ಚಳಿಗಾಲದಲ್ಲಿ ತೀರಿಕೊಂಡರು. ಹದಿನಾರು ವರ್ಷದ ಹಿಂದೆ ಕನ್ನಡಿ ನೋಡಿಕೊಂಡು ತಮ್ಮ ಮುಖವನ್ನು ಈ ತಗಡಿನಲ್ಲಿ ಕೊರೆದಿದ್ದರು. ಅದನ್ನು ಕಾಗದಕ್ಕೆ ಇಳಿಸಿದ ಕೈ ಯಾರದೆಂದು ಕೇಳಿದವರು ಕಡಿಮೆ. ಹಾಳೆಯ ಮೇಲೆ ಅಚ್ಚುಮನೆಯ ಹೆಸರಿರುತ್ತದೆ, ಅಚ್ಚು ಹಾಕಿದವರದಲ್ಲ.

ಒನೊರೀನ್ ಅವರಿಗೆ ಐವತ್ತೆಂಟು. ಗಂಡ ಬಾಸ್ತ್ಯಾನನ ಭುಜ ಯಂತ್ರಕ್ಕೆ ಸಿಕ್ಕಿ ಕೆಲಸಕ್ಕೆ ಬಾರದಾದಾಗ ಅವನ ಜಾಗದಲ್ಲಿ ಬಂದು ನಿಂತರು. ಅಚ್ಚುಮನೆಯ ಯಜಮಾನ ಒಂದು ವಾರ ಮಾತ್ರ ಎಂದಿದ್ದ; ಇಪ್ಪತ್ತೊಂಬತ್ತು ವರ್ಷವಾಯಿತು. ಆಗ ದಿನಕ್ಕೆ ಮೂವತ್ತು ಪ್ರತಿ. ಈಗ ಬೆರಳು ಹಿಡಿದುಕೊಳ್ಳುತ್ತವೆ, ಹದಿನೆಂಟಾದರೆ ಹೆಚ್ಚು. ಉಗುರಿನ ಸಂದಿಯ ಕಪ್ಪು ಮಗಳ ಮದುವೆಯ ದಿನವೂ ಹೋಗಿರಲಿಲ್ಲ.

"ಸೂಪು ಕುಡಿಯುವಾಗ್ಲೂ ಕೈಗವಸು ತೆಗೀಲಿಲ್ಲ. ಬೀಗಿತ್ತಿ ನನ್ನನ್ನ ಯಾವುದೋ ದೊಡ್ಡ ಮನೆತನದವಳು ಅನ್ಕೊಂಡ್ಳು," ಎನ್ನುತ್ತಾರೆ ಒನೊರೀನ್.

"ನೀನು ಬಾಯಿ ತೆಗೆಯೋವರೆಗೆ," ಎಂದು ಕಾಗದ ನೆನೆಸುವ ಜೆಲಿ ಪಕ್ಕದಿಂದಲೇ ಸೇರಿಸುತ್ತಾಳೆ.

ತಗಡಿನ ಮೇಲಿದ್ದದ್ದು ಕಾಗದದಲ್ಲಿ ಎಡಬಲ ಅದಲುಬದಲಾಗುತ್ತದೆ. ಹಾಗಾಗಿ ಕನ್ನಡಿಯೊಳಗಿನ ಮುಖ ಇನ್ನೊಮ್ಮೆ ತಿರುಗಿ ಸರಿಯಾಗಿ ಬಂತು. ಎಡಹುಬ್ಬಿನ ಗಾಯದ ಗುರುತು ಎಡಹುಬ್ಬಿನಲ್ಲೇ ಕೂತಿತು. ಆದರೆ ಹೆಸರನ್ನು ತಿರುಗಿಸಿ ಕೊರೆಯುವುದನ್ನು ವೋತ್ರೆ ಮರೆತಿದ್ದರು. ಅದು ಹಿಂದುಮುಂದಾಯಿತು. ಆ ಮೊದಲ ಹಾಳೆ ಎತ್ತಿದ ಬೆಳಗನ್ನು ಹೇಳುವಾಗ ಒನೊರೀನ್ ಅವರ ದನಿ ಸಣ್ಣಗಾಗುತ್ತದೆ.

"ಇದ್ಯಾರು ಅಂದ್ರು, ತಮ್ಮ ಮುಖ ನೋಡಿ. ನೀವೇ ಮುಸ್ಯೂ, ನಾವು ದಿನಾ ನೋಡೋದು ಇದೇ ಮುಖ ಅಂದೆ. ತುಂಬಾ ಹೊತ್ತು ನೋಡ್ತಾ ನಿಂತ್ರು. ಆಮೇಲೆ ಹೆಸರು ಕಣ್ಣಿಗೆ ಬಿತ್ತು, ಅವರಿಗೆ ನಗು ತಡ್ಕೊಳ್ಳೋಕಾಗ್ಲಿಲ್ಲ. ಇರ್ಲಿ ಬಿಡಿ ಮದಾಮ್, ಇಷ್ಟು ವರ್ಷ ನಾನು ಕನ್ನಡಿ ನೋಡಿದ್ದಾಯ್ತು, ಇನ್ನು ಕೊಂಡುಕೊಂಡವರು ನೋಡ್ಲಿ ಅಂದ್ರು."

ಅವರನ್ನು ಮದಾಮ್ ಎಂದು ಕರೆದ ಚಿತ್ರಕಾರ ವೋತ್ರೆ ಒಬ್ಬರೇ. ಉಳಿದವರಿಗೆ ಇವತ್ತಿಗೂ ಅವರು ಬಾಸ್ತ್ಯಾನನ ಹೆಂಡತಿ.

ತಗಡನ್ನು ಈಗ ಕೊಂಡಿರುವ ವ್ಯಾಪಾರಿ ನಲವತ್ತು ಪ್ರತಿ ಕೇಳಿದ್ದಾರೆ. ತಿರುಗಿದ ಹೆಸರು ಗಿರಾಕಿಗಳಿಗೆ ದೋಷವಾಗಿ ಕಾಣುತ್ತದಂತೆ. ಹೆಸರು ಕಾಣಬಾರದು, ಉಜ್ಜಿ ಅಳಿಸಿ ಎಂದು ಚೀಟಿ ಕಳಿಸಿದ್ದಾರೆ. ಉಜ್ಜಿದ ಗೆರೆ ತಾಮ್ರಕ್ಕೆ ಮರಳಿ ಬರುವುದಿಲ್ಲ. ಉಜ್ಜಬೇಕಾದವರು ಒನೊರೀನ್, ಅದೂ ಇವತ್ತೇ.

"ಐದು ನಿಮಿಷದ ಕೆಲಸ, ಮುದುಕಿ," ಎನ್ನುತ್ತಾಳೆ ಜೆಲಿ. "ಮೊಟ್ಟೆ ಮೇಲೆ ಕೂತ ಕೋಳಿ ಥರ ಯಾಕೆ ಕೂತಿದ್ದೀಯ?" ಅವಳು ನೀರು ತರಲು ಅಂಗಳಕ್ಕೆ ಹೋಗುತ್ತಾಳೆ.

ಒನೊರೀನ್ ಉಜ್ಜುವ ಉಕ್ಕಿನ ಕಡ್ಡಿಯನ್ನು ಕೈಗೆತ್ತಿಕೊಳ್ಳುತ್ತಾರೆ. ತಗಡಿನ ಮೇಲೆ ಹೆಸರು ನೆಟ್ಟಗೇ ಇದೆ. ಹೀಗೆ ನೆಟ್ಟಗೆ ಅದನ್ನು ಓದಿಕೊಂಡು ಬಂದವರು, ಬರೆದವರನ್ನು ಬಿಟ್ಟರೆ, ಅವರೊಬ್ಬರೇ. ಸ್ವಲ್ಪ ಹೊತ್ತು ನೋಡುತ್ತಾರೆ. ಆಮೇಲೆ ಕಡ್ಡಿಯನ್ನು ಡ್ರಾಯರಿನೊಳಗೆ ಇಟ್ಟು ಮುಚ್ಚುತ್ತಾರೆ. ಬೆರಳ ತುದಿಯಲ್ಲಿ ಮಸಿ ತೆಗೆದು ಕೋಟಿನ ಮೂಲೆಯ ಹೆಸರಿನ ಮೇಲೆ ಹಚ್ಚಿ, ಅಂಗೈಯ ಅಂಚಿನಿಂದ ಮೆಲ್ಲಗೆ ಹರಡುತ್ತಾರೆ.

ತಗಡು ಉರುಳೆಯಡಿ ಹೋಗಿ ಬರುತ್ತದೆ. ಹಾಳೆಯಲ್ಲಿ ಮುಖದ ಮೇಲೆ ಬೆಳಕಿದೆ. ಕೋಟಿನ ಮೂಲೆ ಸಂಜೆಯಂತೆ ಕಪ್ಪಾಗಿದೆ.

ಜೆಲಿ ಬಕೆಟ್ ಇಳಿಸಿ ಬಗ್ಗಿ ನೋಡುತ್ತಾಳೆ. "ಅಂತೂ ಅಳಿಸಿದ್ಯಾ?"

"ಕಾಣ್ತಿದೆಯಾ?"

"ಇಲ್ಲ."

ಒನೊರೀನ್ ಹಾಳೆಯನ್ನು ಒಣಗಲು ಹಾಕಿ, ಅಂಗೈಯನ್ನು ಮತ್ತೆ ಸೀಮೆಸುಣ್ಣಕ್ಕೆ ತಾಗಿಸುತ್ತಾರೆ. ಇನ್ನು ಮೂವತ್ತೊಂಬತ್ತು.