ಅಪ್ಪನ ಕಡೆಯ ಅರ್ಧ

ನನ್ನ ಸೋದರತ್ತೆ, ಅಂದರೆ ಅಪ್ಪನ ಅಕ್ಕ, ತರೀಕೆರೆಯಲ್ಲಿದ್ದರು. ನನಗೆ ಎಂಟು ವರ್ಷವಾಗಿದ್ದಾಗ ಅವರ ಮನೆಯಲ್ಲಿ ಒಂದು ನಾಮಕರಣ. ಮುಸ್ಸಂಜೆಯಲ್ಲಿ ಕರೆಂಟು ಹೋಯಿತು. ಉಳಿದವರಿಗೆ ಅಷ್ಟಿಷ್ಟು ಕಾಣುತ್ತಿತ್ತು, ನನಗೆ ಏನೂ ಕಾಣಲಿಲ್ಲ. ನಡುಮನೆಯಲ್ಲಿಟ್ಟಿದ್ದ ಪಾಯಸದ ಪಾತ್ರೆಗೆ ಕಾಲು ತಗುಲಿ ಉರುಳಿತು.

ಅತ್ತೆ ನನ್ನನ್ನು ಬೈಯಲಿಲ್ಲ. ನೆಂಟರ ಮುಂದೆಯೇ ಅಮ್ಮನ ಕಡೆ ತಿರುಗಿದರು. "ಪಂಚನಹಳ್ಳಿ ತವರಿಂದ ಈ ಇರುಳುಗಣ್ಣೇನಾ ನೀನು ತಂದ ಬಳುವಳಿ? ನಮ್ ವಂಶದಲ್ಲಿ ಇಂಥದ್ದು ಇರ್ಲಿಲ್ಲ ಕಣೇ."

ಅಮ್ಮ ಸೆರಗಿನಿಂದಲೇ ನೆಲ ಒರೆಸಿದಳು. ಅಪ್ಪ ಬಾಗಿಲ ಕಡೆ ನೋಡುತ್ತಾ ನಿಂತಿದ್ದ. ಆಮೇಲೆ ಸೇರಿದಲ್ಲೆಲ್ಲ ಅತ್ತೆಯದು ಅದೇ ಮಾತು. ಅಮ್ಮ ಮದುವೆ ಮುಂಜಿಗಳಿಗೆ ಹೋಗುವುದನ್ನೇ ಬಿಟ್ಟಳು. ನಾನು ಒಂದು ಮಾತನ್ನೂ ಮರೆಯಲಿಲ್ಲ.

ಇಪ್ಪತ್ತಾರನೆಯ ವಯಸ್ಸಿಗೆ ನನ್ನ ಅಕ್ಕಪಕ್ಕದ ನೋಟ ಕುಗ್ಗತೊಡಗಿತು. ಕಡೂರಿನ ಬಸ್ ಸ್ಟ್ಯಾಂಡಿನಲ್ಲಿ ಹಾಡಹಗಲೇ ನಿಂತ ಬೈಕಿಗೆ ಡಿಕ್ಕಿ ಹೊಡೆದು ಬಿದ್ದೆ. ಅಲ್ಲಿನ ಕಣ್ಣಿನ ಡಾಕ್ಟರು ಬೆಂಗಳೂರಿಗೆ ಕಳಿಸಿದರು.

ಅಲ್ಲಿ ಅರ್ಧ ಗಂಟೆ ಕಣ್ಣು ಕಟ್ಟಿ ಕತ್ತಲೆಯಲ್ಲಿ ಕೂರಿಸಿದರು. ನಂತರ ಕೆಳರೆಪ್ಪೆಯೊಳಗೆ ಕೂದಲಿನಷ್ಟು ತೆಳುವಾದ ಎಳೆ ಇಟ್ಟು, ದೊಡ್ಡ ಬಟ್ಟಲಿನಂಥ ಯಂತ್ರದೊಳಗೆ ಬೆಳಕು ಮಿಂಚಿಸಿದರು. ಬೆಳಕು ಬಿದ್ದಾಗ ಕಣ್ಣಿನ ಒಳಪರದೆಯಲ್ಲಿ ಹುಟ್ಟುವ ವಿದ್ಯುತ್ತನ್ನು ಅಳೆಯುವ ಪರೀಕ್ಷೆಯದು. ಒಳ್ಳೆಯ ಕಣ್ಣಾದರೆ ಕಂಪ್ಯೂಟರಿನ ಪರದೆಯ ಮೇಲೆ ಗೆರೆ ಏರಿ ಇಳಿಯುತ್ತದಂತೆ. ನನ್ನ ಗೆರೆ ಸಪಾಟಾಗಿ ಮಲಗಿತ್ತು.

ಸಂಶೋಧನೆಗೆಂದು ಅಪ್ಪ ಅಮ್ಮನ ರಕ್ತವನ್ನೂ ತೆಗೆದುಕೊಂಡರು. ಕೆಲವು ತಿಂಗಳ ಬಳಿಕ ಅಲ್ಲಿನ ಡಾಕ್ಟರ್ ಮೇಡಂ ವರದಿ ಬಿಡಿಸಿ ಹೇಳಿದರು: "ಕೆಟ್ಟ ಜೀನ್ ಒಂದು ತಾಯಿಯಿಂದ, ಒಂದು ತಂದೆಯಿಂದ. ಒಂದೇ ಇದ್ರೆ ಕಾಯಿಲೆ ಬರಲ್ಲ. ನಿಮ್ಮಲ್ಲಿ ಎರಡೂ ಸೇರಿವೆ."

"ತಂದೆಯಿಂದಲೂ?" ಎಂದು ಎರಡು ಸಲ ಕೇಳಿದೆ. ಅಪ್ಪನ ಒಡಹುಟ್ಟಿದವರಲ್ಲೂ ಅವರ ಮಕ್ಕಳಲ್ಲೂ ಅದು ಇರಬಹುದು ಎಂದರು. ಕನ್ನಡದಲ್ಲಿ ಬರೆದುಕೊಡಿ ಎಂದೆ.

ಅಜ್ಜಂಪುರದಲ್ಲಿ ಅತ್ತೆಯ ಮಗ ಕಟ್ಟಿಸಿದ ಮನೆಯ ಗೃಹಪ್ರವೇಶಕ್ಕೆ ಅಮ್ಮನನ್ನು ಒತ್ತಾಯ ಮಾಡಿ ಕರೆದುಕೊಂಡು ಹೋದೆ. ಊಟವಾಗಿ ಎಲ್ಲರೂ ನಡುಮನೆಯಲ್ಲಿ ಕೂತಿದ್ದಾಗ ಅತ್ತೆ ಯಾರಿಗೋ ನನ್ನನ್ನು ತೋರಿಸಿ, "ಪಾಪ, ತಾಯಿ ಕಡೆಯಿಂದ ಬಂದಿದ್ದು" ಎಂದರು. ನಾನು ಕಾಗದ ತೆಗೆದು ಅವರ ಅಳಿಯನ ಕೈಗೆ ಕೊಟ್ಟೆ. ಆತ ಹೈಸ್ಕೂಲು ಮೇಷ್ಟರು, ಸ್ಪಷ್ಟವಾಗಿ ಓದುವವರು.

"ಸ್ವಲ್ಪ ಜೋರಾಗಿ ಓದಿ ಭಾವ."

ಅಪ್ಪನ ಹೆಸರು ಬರುವ ಸಾಲಿಗೆ ಅವರ ದನಿ ತಗ್ಗಿತು.

"ಸಾಕು, ಮಡಚಿಡಪ್ಪ" ಎಂದರು ಅತ್ತೆ.

"ಇನ್ನೊಂದು ಸಾಲಿದೆ ಅತ್ತೆ. ಅದು ನಿಮ್ಮದು."

ಭಾವ ಅದನ್ನೂ ಓದಿದರು. ಪಕ್ಕದಲ್ಲಿದ್ದ ಅವರ ಹೆಂಡತಿ, ಅತ್ತೆಯ ಮಗಳು, ಆರು ತಿಂಗಳ ಬಸುರಿ. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. ಗಂಡನಲ್ಲಿ ಆ ಜೀನ್ ಇಲ್ಲದಿದ್ದರೆ ಮಗುವಿಗೆ ಈ ಕಾಯಿಲೆ ಬರುವುದಿಲ್ಲ ಎಂದು ಮೇಡಂ ಹೇಳಿದ್ದು ನನಗೆ ಗೊತ್ತಿತ್ತು. ಹೇಳಲಿಲ್ಲ. ಅತ್ತೆಯ ಮುಖ ಬಿಳಿಚಿಕೊಳ್ಳುವುದನ್ನು ನನಗೆ ನೋಡಬೇಕಿತ್ತು.

ಬಸ್ಸಿನಲ್ಲಿ ಅಮ್ಮ ಕೇಳಿದಳು: "ಆ ಮಗು ನಿಂಗೇನ್ ಮಾಡಿತ್ತೇ?"

ಅತ್ತೆಯ ಮಗಳು ಮರುದಿನವೇ ಫೋನ್ ಮಾಡಿದಳು. ಎರಡು ದಿನ ತೆಗೆಯಲಿಲ್ಲ. ಮೂರನೆಯ ದಿನ ಎಲ್ಲವನ್ನೂ ಹೇಳಿ, ಅವಳು, ಭಾವ, ಅತ್ತೆ ಮೂವರನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಭಾವನಲ್ಲಿ ಏನೂ ಸಿಗಲಿಲ್ಲ. ಅತ್ತೆಯಲ್ಲಿ ಸಿಕ್ಕಿತು. ಆ ಎರಡು ದಿನಗಳಿಗಾಗಿ ಅತ್ತೆಯ ಮಗಳ ಕ್ಷಮೆ ಕೇಳಿದ್ದೇನೆ. ಅತ್ತೆಯನ್ನು ಕೇಳಿಲ್ಲ, ಕೇಳುವುದೂ ಇಲ್ಲ. ರಕ್ತ ತೆಗೆಯುವಾಗ ಅವರು ಸೂಜಿಗೆ ಹೆದರಿ ಮುಖ ಕಿವುಚಿದರು. ನನಗೆ ಉಳಿದಿರುವುದು ನಡುವಿನ ಒಂದಿಷ್ಟು ನೋಟ. ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡು ಅಷ್ಟನ್ನೂ ಅವರ ಮುಖದ ಮೇಲಿಟ್ಟು ಕೂತೆ.