ಹತ್ತಕ್ಕೆ ಹತ್ತು ಬಂದ ತಪ್ಪಿಗೆ

ಅಕ್ಕನಿಗೆ ಹತ್ತಕ್ಕೆ ಹತ್ತು ಬಂದಿದೆ ಅಂತ ಪತ್ರ ಬಂದ ದಿನ ನಾನು ಸ್ಕೂಲ್ ಆಫೀಸಿನ ಟೇಬಲ್ ಗುದ್ದಿದ ಏಟಿಗೆ ಸ್ಟಾಂಪ್ ಪ್ಯಾಡ್ ಹಾರಿ ಕೆಳಗೆ ಬಿತ್ತು. ಹೆಡ್ ಮೇಡಂ ಬಾಗಿಲಿಂದ ತಲೆ ಹಾಕಿ, "ಏನ್ರೀ, ಯಾರಾದ್ರೂ ತೀರ್ಕೊಂಡ್ರಾ?" ಅಂತ ಕೇಳಿದರು.

"ಇಲ್ಲ ಮೇಡಂ, ನಮ್ಮಕ್ಕ ಪಾಸಾಗಿದ್ದಾಳೆ. ಪೂರ್ತಿ ಮಾರ್ಕ್ಸು. ಅದಕ್ಕೆ ದಂಡ ಕಟ್ಟಬೇಕಂತೆ" ಅಂದೆ. ಅವರಿಗೆ ಅರ್ಥವಾಗಲಿಲ್ಲ. ಪತ್ರವನ್ನು ಮೂರು ಸಲ ಓದುವವರೆಗೆ ನನಗೂ ಆಗಿರಲಿಲ್ಲ.

ಮೊದಲು ಅಕ್ಕ ಯಾರು ಅಂತ ಹೇಳ್ತೀನಿ. ಆಮೇಲೆ ಬೇಕಾದರೆ ನೀವೂ ಒಂದು ಟೇಬಲ್ ಹುಡುಕಿಕೊಳ್ಳಿ.

ಅಕ್ಕನಿಗೆ ಈಗ ಐವತ್ತನಾಲ್ಕು. ಹತ್ತೊಂಬತ್ತು ವರ್ಷದಿಂದ ಒಂದೇ ಲಾಂಡ್ರಿಯಲ್ಲಿ ಇಸ್ತ್ರಿ ಹಾಕ್ತಾಳೆ. ಬೆಳಿಗ್ಗೆ ಒಂಬತ್ತಕ್ಕೆ ನಿಂತರೆ ಸಂಜೆ ಆರರವರೆಗೆ ನಿಂತೇ ಇರಬೇಕು. ಮಧ್ಯಾಹ್ನದ ಹೊತ್ತಿಗೆ ಬಲಗಾಲಿನ ಮಂಡಿ ಊದಿಕೊಂಡು ಕಾಲು ಯಾವುದು ಮಂಡಿ ಯಾವುದು ಗೊತ್ತಾಗಲ್ಲ. ಟೇಬಲ್ ಕೆಳಗೆ ಒಂದು ಬಕೆಟ್ ಬೋರಲು ಹಾಕಿಕೊಂಡು ಅದರ ಮೇಲೆ ಆ ಕಾಲಿಟ್ಟು ಕೆಲಸ ಮಾಡ್ತಾಳೆ. ಕೆಲಸಕ್ಕೆ ಸೇರಿದ ದಿನ ಯಜಮಾನ "ಸಂಬಳ ಎಷ್ಟು ಬೇಕಮ್ಮ?" ಅಂದಾಗ ಇವಳು "ನಿಮಗೆ ತಿಳಿದಷ್ಟು ಕೊಡಿ" ಅಂದಳಂತೆ. ಆ ಪುಣ್ಯಾತ್ಮನಿಗೆ ತಿಳಿದಿದ್ದು ಬಹಳ ಕಡಿಮೆ.

ಆ ಮಂಡಿಗೂ ಒಂದು ಕಥೆ ಇದೆ. ಮೂವತ್ತು ವರ್ಷದ ಹಿಂದೆ ನಮ್ಮೂರಿನ ಹೆಂಗಸರ ಫುಟ್‌ಬಾಲ್ ತಂಡಕ್ಕೆ ಅಕ್ಕನೇ ಗೋಲ್‌ಕೀಪರ್. "ಗೋಡೆ" ಅಂತ ಕರೀತಿದ್ದರು. ಸೆಮಿಫೈನಲ್ಲಿನಲ್ಲಿ ಒಂದು ಪೆನಾಲ್ಟಿ ಹಿಡಿಯೋಕೆ ಹಾರಿ, ಚೆಂಡನ್ನೂ ಹಿಡಿದು, ಕಂಬಕ್ಕೆ ಮಂಡಿ ಬಡಿಸಿಕೊಂಡಳು. ಬದಲಿಗೆ ಬೇರೆ ಕೀಪರ್ ಇರಲಿಲ್ಲ. ಉಳಿದ ಇಪ್ಪತ್ತು ನಿಮಿಷ ಒಂಟಿಕಾಲಲ್ಲೇ ನಿಂತು ಗೆಲ್ಲಿಸಿದಳು. ಮುಂದಿನ ವಾರ ತಂಡದ ಮ್ಯಾನೇಜರ್ ಬಂದು, "ಆಸ್ಪತ್ರೆ ಖರ್ಚು ಎಷ್ಟಾಯ್ತಮ್ಮ?" ಅಂತ ಕೇಳಿದ. "ಪರವಾಗಿಲ್ಲ ಬಿಡಿ ಸಾರ್" ಅಂದಳು ನಮ್ಮ ಮಹಾತಾಯಿ. ಅವನು ಸಂತೋಷವಾಗಿ ಬಿಟ್ಟ. ಎರಡನೇ ಸಲ ಕೇಳಲಿಲ್ಲ.

ಆ ವರ್ಷ ಒಂದು ಬಿಸ್ಕೆಟ್ ಕಂಪನಿಯವರು ಪ್ಯಾಕೆಟ್ಟಿನೊಳಗೆ ನಮ್ಮ ತಂಡದವರ ಕಾರ್ಡು ಹಾಕಿದರು. ಒಬ್ಬೊಬ್ಬರದು ಒಂದೊಂದು, ಅಂಗೈಯಷ್ಟಗಲ, ಹನ್ನೊಂದು ಕಾರ್ಡು. ಗೋಲು ಹೊಡೆದವರ ಕಾರ್ಡಿಗೆ ಮಕ್ಕಳು ಕಿತ್ತಾಡಿದರು. ಗೋಲು ತಡೆದವಳ ಕಾರ್ಡನ್ನು ಟರ್ ಟರ್ ಸದ್ದು ಬರಲಿ ಅಂತ ಸೈಕಲ್ ಕಡ್ಡಿಗೆ ಸಿಕ್ಕಿಸಿದರು, ಅಲ್ಲಾಡೋ ಬೆಂಚಿನ ಕಾಲಿಗೆ ಒತ್ತು ಕೊಟ್ಟರು. ಹಾಗಾಗಿ ಅಕ್ಕನ ಕಾರ್ಡು ಎಲ್ಲೂ ಉಳಿಯಲಿಲ್ಲ. ಕಂಪನಿಯವರು ಆಟಗಾರ್ತಿಯರಿಗೆ ಅಂತ ಕೊಟ್ಟಿದ್ದ ಒಂದೇ ಒಂದು, ಪ್ಲಾಸ್ಟಿಕ್ ಕವರಿನಲ್ಲಿ, ಅಕ್ಕನ ತಗಡಿನ ಡಬ್ಬಿಯಲ್ಲಿ, ಹಳೇ ಗ್ಲೌಸಿನ ಕೆಳಗೆ ಇತ್ತು. ನನಗೇ ತೋರಿಸಿರಲಿಲ್ಲ. ಮಂಡಿ ಬದಲಾಯಿಸಬೇಕು, ಒಂದೂವರೆ ಲಕ್ಷ ಆಗುತ್ತೆ, ಇಲ್ಲದಿದ್ದರೆ ಇನ್ನೊಂದು ವರ್ಷಕ್ಕೆ ನಿಲ್ಲೋಕೇ ಆಗಲ್ಲ ಅಂತ ಡಾಕ್ಟರ್ ಹೇಳಿದ ದಿನ ಡಬ್ಬಿ ತೆಗೆದು ನನ್ನ ಮುಂದಿಟ್ಟಳು. ನಿಲ್ಲೋಕಾಗದಿದ್ದರೆ ಇಸ್ತ್ರಿ ಇಲ್ಲ. ಇಸ್ತ್ರಿ ಇಲ್ಲದಿದ್ದರೆ ಅವಳ ಮನೆ ಬಾಡಿಗೆ ಇಲ್ಲ.

ಹಳೇ ಕಾರ್ಡು, ನಾಣ್ಯ, ಸ್ಟಾಂಪು ಮಾರುವವನೊಬ್ಬ ವಾಚ್ ರಿಪೇರಿ ಅಂಗಡಿಯ ಮೇಲಿನ ಕೋಣೆಯಲ್ಲಿ ಇದ್ದಾನೆ. ಯಾವಾಗ ನೋಡಿದರೂ ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡಿರೋದರಿಂದ ಎಲ್ಲರೂ ಅವನನ್ನು ಭೂತಗನ್ನಡಿ ಅಂತಾರೆ. ಅಕ್ಕನನ್ನು ಕರೆದುಕೊಂಡು ಆ ಮೆಟ್ಟಿಲು ಹತ್ತಿಸೋಕೆ ಕಾಲು ಗಂಟೆ ಹಿಡೀತು. ಕಾರ್ಡು ನೋಡಿದವನು ಮೊದಲು ಹೋಗಿ ಕೈ ತೊಳೆದುಕೊಂಡು ಬಂದ.

"ಹೀಗೇ ಮಾರಿದ್ರೆ ಜನ ನಂಬಲ್ಲ ಮೇಡಂ" ಅಂದ. "ಗ್ರೇಡಿಂಗ್ ಮಾಡಿಸಬೇಕು. ಅದಕ್ಕೇ ಕಂಪನಿ ಇದೆ. ಮೂಲೆ, ಅಂಚು, ಮೇಲ್ಮೈ, ಚಿತ್ರ ಮಧ್ಯಕ್ಕಿದೆಯಾ, ಎಲ್ಲ ನೋಡಿ ಹತ್ತಕ್ಕೆ ಇಷ್ಟು ಅಂತ ನಂಬರ್ ಕೊಟ್ಟು ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಸೀಲ್ ಮಾಡಿ ಕಳಿಸ್ತಾರೆ. ಆ ನಂಬರಿಗೇ ಬೆಲೆ."

"ಫೀಸು?"

"ಕಾರ್ಡಿನ ಬೆಲೆ ಎಷ್ಟು ಅಂತ ನೀವು ಬರೀತೀರೋ ಅದರ ಮೇಲೆ. ಐದು ಸಾವಿರದೊಳಗೆ ಆದ್ರೆ ಆರುನೂರು. ಬೆಲೆ ಏರಿದ ಹಾಗೆ ಫೀಸೂ ಏರುತ್ತೆ. ಐನೂರು ಬಾಳದ ಕಾರ್ಡಿಗೆ ಆರುನೂರು ಕೊಟ್ಟು ಗ್ರೇಡಿಂಗ್ ಮಾಡಿಸೋರೂ ಇದಾರೆ, ಮೂಗಿಗಿಂತ ಮೂಗುತಿ ಭಾರ. ಇದು ಹಾಗಲ್ಲ."

"ಎಷ್ಟು ಬಾಳುತ್ತೆ ಇದು?"

"ನಾನೇ ಮೊದಲ ಸಲ ನೋಡ್ತಿದೀನಿ. ನಿಮ್ಮ ಕಾರ್ಡು, ನೀವೇ ಬರೀರಿ."

ನಮ್ಮ ಮನೆಯಲ್ಲಿ ಫಾರಂ ಅಂತ ಬಂದರೆ ತುಂಬೋಳು ನಾನೇ. ಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷದ ಗುಮಾಸ್ತೆ. ಆದಾಯ ಅನ್ನೋ ಕಾಲಂನಲ್ಲಿ ಕಮ್ಮಿ ಬರೆದರೆ ಫೀಸು ಕಮ್ಮಿ ಅಂತ ಎಷ್ಟೋ ತಾಯಂದಿರಿಗೆ ನಾನೇ ಕಿವಿಯಲ್ಲಿ ಹೇಳಿಕೊಟ್ಟಿದ್ದೀನಿ. ಕಾಲಂ ಕಂಡರೆ ಸಾಕು, ನನ್ನ ಕೈ ತಾನಾಗಿ ಕೆಳಗಿಳಿಯುತ್ತೆ. ಮೂರು ಸಾವಿರ ಅಂತ ಬರೆದೆ. ಪಕ್ಕದಲ್ಲಿ ಅಕ್ಕ "ಅದು..." ಅಂತ ಏನೋ ಶುರು ಮಾಡಿದಳು. "ಸುಮ್ನಿರಕ್ಕ, ಇದೆಲ್ಲ ನಿನಗೆ ತಿಳಿಯಲ್ಲ" ಅಂದೆ. ನಾನು ತೋರಿಸಿದ ಜಾಗದಲ್ಲಿ ಅವಳು ಸಹಿ ಹಾಕಿದಳು.

ಏಳು ವಾರ ಆದ ಮೇಲೆ ಬಂದದ್ದೇ ಆ ಪತ್ರ. ನಿಮ್ಮ ಕಾರ್ಡಿಗೆ ಹತ್ತಕ್ಕೆ ಹತ್ತು ಬಂದಿದೆ, ಅಭಿನಂದನೆಗಳು. ಮಾರುಕಟ್ಟೆ ಬೆಲೆ ಎರಡು ಲಕ್ಷದ ನಲವತ್ತು ಸಾವಿರ ಅಂತ ಅಂದಾಜು ಮಾಡಿದ್ದೇವೆ. ನೀವು ಬರೆದ ಬೆಲೆಗೂ ಇದಕ್ಕೂ ತಾಳೆಯಾಗದ ಕಾರಣ ಫೀಸು ಹದಿನಾರು ಸಾವಿರ. ಕಟ್ಟಿದ ಆರುನೂರು ಕಳೆದು ಮಿಕ್ಕಿದ್ದನ್ನು ಮೂವತ್ತು ದಿನದಲ್ಲಿ ಕಟ್ಟಿ. ಅಲ್ಲಿಯವರೆಗೆ ಕಾರ್ಡು ನಮ್ಮಲ್ಲೇ ಇರುತ್ತೆ.

ಉರಿದುಹೋಯ್ತು ನನಗೆ! ಹತ್ತಕ್ಕೆ ಹತ್ತು ಯಾಕೆ ಬಂತು? ಆ ಕಾರ್ಡನ್ನು ಯಾರೂ ಮುಟ್ಟಿರಲಿಲ್ಲ, ಅದಕ್ಕೆ ಬಂತು. ಮೂವತ್ತು ವರ್ಷ ಯಾರಿಗೂ ಬೇಡವಾಗಿದ್ದಕ್ಕೆ ಮೂಲೆ ಸವೆದಿರಲಿಲ್ಲ. ಜನ್ಮದಲ್ಲಿ ಅವಳಿಗೆ ಅವಳ ಬೆಲೆ ಕೊಟ್ಟವರು ಯಾರೂ ಇಲ್ಲ. ಈಗ ಒಬ್ಬರು, ಹೌದಮ್ಮ, ನಿನಗೆ ಇಷ್ಟು ಬೆಲೆ ಇದೆ ಅಂದರು, ಅಂದಿದ್ದಕ್ಕೆ ಅವಳ ಹತ್ತಿರವೇ ದುಡ್ಡು ಕೇಳ್ತಾರೆ. ಗಾಯದ ಮೇಲೆ ಬರೆ ಅಂದರೆ ಇದೇ.

ಅರ್ಧ ದಿನ ರಜೆ ಬರೆದು ಭೂತಗನ್ನಡಿಯ ಮೆಟ್ಟಿಲು ಎರಡೆರಡಾಗಿ ಹತ್ತಿದೆ.

"ರೀ ಸ್ವಾಮಿ, ಮೂರು ಸಾವಿರದ ಕಾರ್ಡು ನೋಡೋಕೆ ಅವರಿಗೆ ಎರಡು ಕಣ್ಣು, ಎರಡು ಲಕ್ಷದ್ದಕ್ಕೆ ನಾಲ್ಕು ಕಣ್ಣಾ?"

"ಕಣ್ಣು ಅಷ್ಟೇ ಮೇಡಂ, ಜವಾಬ್ದಾರಿ ಜಾಸ್ತಿ. ನಾಳೆ ಇದು ನಕಲಿ ಅಂತಾದ್ರೆ ಕೊಂಡವನಿಗೆ ಅವರು ಕಟ್ಟಿಕೊಡಬೇಕು."

"ನಮ್ಮಕ್ಕನಿಗಿಲ್ವಾ ಜವಾಬ್ದಾರಿ? ದುಬಾರಿ ಕೋಟಿಗೂ ಇಸ್ತ್ರಿ ಹಾಕ್ತಾಳೆ, ಹರಕಲು ಅಂಗಿಗೂ ಹಾಕ್ತಾಳೆ. ಕೋಟು ಸುಟ್ರೆ ಕೋಟಿನ ಪೂರ್ತಿ ಬೆಲೆ ಸಂಬಳದಲ್ಲಿ ಕಟ್! ಚೆನ್ನಾಗಿ ಬಂದ್ರೆ? ಕೋಟು ಹೊಳೀತಿದೆ, ಇನ್ನೊಂದು ಸ್ವಲ್ಪ ಕೊಡಿ ಅಂತ ಯಾರ ಬಾಗಿಲಿಗಾದ್ರೂ ಹೋಗಿದ್ದಾಳಾ ಅವಳು?"

"ಹೋಗಬೇಕಿತ್ತೇನೋ" ಅಂದ ಅವನು, ಮೆಲ್ಲಗೆ.

"ಈ ಹೆಚ್ಚಿನ ಫೀಸಿನ ವಿಷಯ ಮೊದಲೇ ಬೊಗಳೋಕೆ ಏನಾಗಿತ್ತು?"

"ಫಾರಂ ಹಿಂದೆ ಇದೆ ಮೇಡಂ."

ಫಾರಂ ಹಿಂದೆ! ಇರುವೆ ಸಾಲಿನ ಹಾಗೆ ಅಕ್ಷರ, ಓದೋಕೆ ಅವನ ಮಸೂರವೇ ಬೇಕು. "ಎಂಟು ಬಂದಿದ್ರೆ?" ಅಂತ ಕೇಳಿದೆ.

"ಎಂಟಾದ್ರೆ ಬೆಲೆ ನಲವತ್ತು ಸಾವಿರ ದಾಟ್ತಿರಲಿಲ್ಲ. ಫೀಸೂ ಎರಡೂವರೆ ಸಾವಿರದಲ್ಲಿ ಮುಗೀತಿತ್ತು."

"ಅಂದ್ರೆ ಒಂದು ಮೂಲೆ ಮಡಚಿ ಕಳಿಸಿದ್ರೆ ನಾವು ಜಾಣರು!"

"ಎರಡು ಲಕ್ಷ ಕಳ್ಕೊಂಡ ಜಾಣರು" ಅಂದ.

ನಿಜವೇ. ಎದುರಿಗಿದ್ದವನು ನಿಜ ಹೇಳಿದಾಗ ಬರೋ ಕೋಪ ಇದೆಯಲ್ಲ, ಅದಕ್ಕೆ ಮದ್ದಿಲ್ಲ. ಅಷ್ಟರಲ್ಲಿ ಅವನು ಗಂಟಲು ಸರಿಮಾಡಿಕೊಂಡು ಶುರು ಮಾಡಿದ. "ನಿಮಗೆ ಕಷ್ಟ ಆದ್ರೆ ಫೀಸು ನಾನೇ ಕಟ್ತೀನಿ. ಕಾರ್ಡು ನನಗೆ ಬಿಟ್ಟುಬಿಡಿ. ನಿಮ್ಮ ಕೈಗೆ ಇಪ್ಪತ್ತು ಸಾವಿರ."

"ಎರಡು ನಲವತ್ತರ ಕಾರ್ಡಿಗೆ ಇಪ್ಪತ್ತಾ? ನಾಚಿಕೆ ಆಗಲ್ವಾ?"

"ಮೂರು ಸಾವಿರ ಅಂತ ನೀವೇ ಬರೆದಿದ್ರಿ" ಅಂತ ಫಾರಂನ ನಕಲು ತೆಗೆದು ನನ್ನ ಕಡೆ ತಿರುಗಿಸಿದ. "ನಾನು ಅದರ ಆರು ಪಟ್ಟಿಗಿಂತ ಜಾಸ್ತಿ ಕೊಡ್ತಿದೀನಿ."

ದುಂಡಗಿನ ಅಕ್ಷರ. ಸ್ಕೂಲಿನಲ್ಲಿ ಎಲ್ಲರೂ ಹೊಗಳೋ ಅಕ್ಷರ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರಲ್ಲ ಅಂತಾರೆ, ನಾನು ಆರುನೂರರ ಫೀಸಿಗೆ ಕಳೆದಿದ್ದೆ. ಫಾರಂ ಅವನ ಕಡೆಗೇ ತಿರುಗಿಸಿಟ್ಟು ಎದ್ದು ಬಂದೆ.

ಅಲ್ಲಿಂದ ಸೀದಾ ಲಾಂಡ್ರಿಗೆ ಹೋದೆ. ಅಕ್ಕ ಬಕೆಟ್ ಮೇಲೆ ಕಾಲಿಟ್ಟು ಒಂದು ಅಂಗಿಯ ಕಾಲರ್ ತೀಡುತ್ತಿದ್ದಳು. ಯಜಮಾನ ಹೊರಗೆ ಹೋಗಿದ್ದ. ನಾನು ಒಬ್ಬೊಬ್ಬರನ್ನೂ ಹಿಡಿದು ಝಾಡಿಸಿದೆ. ಕಂಪನಿಯವರು ಹಗಲುಗಳ್ಳರು, ಭೂತಗನ್ನಡಿ ರಣಹದ್ದು, ಯಜಮಾನ ಜಿಗಣೆ, ಆ ಮ್ಯಾನೇಜರ್ ಸತ್ತಿದ್ದರೂ ಸರಿ ಅವನಿಗೂ ನಾಲ್ಕು. ಕೊನೆಗೆ ಅವಳ ಮೇಲೇ ತಿರುಗಿದೆ. "ಎಲ್ಲಾ ನಿನ್ನಿಂದಲೇ! ಪರವಾಗಿಲ್ಲ ಬಿಡಿ, ತಿಳಿದಷ್ಟು ಕೊಡಿ! ನಿನ್ನ ಬೆಲೆ ಏನು ಅಂತ ನಿನಗೇ ಗೊತ್ತಿಲ್ಲ, ಬೇರೆಯವರು ಕೊಡು ಅಂದ್ರೆ ಎಲ್ಲಿಂದ ಕೊಡ್ತಾರೆ?"

ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು. ಸ್ವಿಚ್ ಆರಿಸಿದಳು.

"ಆವತ್ತು ಅಂಗಡೀಲಿ ನಾನು 'ಅದು' ಅಂತ ಬಾಯಿ ತೆಗೆದೆ. ಜ್ಞಾಪಕ ಇದ್ಯಾ?"

"ಇದೆ."

"ಎರಡು ಲಕ್ಷ ಅಂತ ಹೇಳೋಕೆ ಹೊರಟಿದ್ದೆ."

ನಾನು ಕಣ್ಣು ಕಣ್ಣು ಬಿಟ್ಟೆ. "ನಿನಗೆ ಹೇಗೆ ಗೊತ್ತಿತ್ತು?"

"ಕಾರ್ಡಿನ ಲೆಕ್ಕ ನನಗೇನು ಗೊತ್ತು? ಆ ಪೆನಾಲ್ಟಿ ಬಿಟ್ಟಿದ್ರೆ ಮಂಡಿ ಉಳೀತಿತ್ತು. ಮಂಡಿಗೆ ಒಂದೂವರೆ ಅಂತ ಡಾಕ್ಟ್ರು ಅಂದ್ರು. ಮೂವತ್ತು ವರ್ಷ ನೋವು ತಿಂದಿದ್ದಕ್ಕೆ ಇನ್ನೈವತ್ತು ಸೇರಿಸ್ಕೊಂಡೆ. ನೀನು ಸುಮ್ನಿರು ಅಂದೆ. ಯಜಮಾನನ ಹತ್ರ, ಮ್ಯಾನೇಜರ್ ಹತ್ರ ಬೆಲೆ ಕೇಳೋಕೆ ನನಗೆ ಆಗ ನಾಚಿಕೆ ಆಗಿತ್ತು, ಒಪ್ಕೋತೀನಿ. ಆವತ್ತು ಆಗಿರಲಿಲ್ಲ ಕಣೇ. ಜೀವನದಲ್ಲಿ ಮೊದಲನೇ ಸಲ ಆಗಿರಲಿಲ್ಲ."

ಮ್ಯಾನೇಜರ್ ಒಂದು ಸಲವಾದರೂ ಕೇಳಿದ್ದ. ಯಜಮಾನನೂ ಕೇಳಿದ್ದ. ನಾನು, ಅವಳ ಪರವಾಗಿ ಊರೆಲ್ಲ ಜಗಳ ಆಡೋಳು, ಪೆನ್ನು ಕೈಯಲ್ಲಿ ಹಿಡಿದು ಪಕ್ಕದಲ್ಲೇ ಕೂತು ಕೇಳಲಿಲ್ಲ. ಅಳು ಬಂತು. ಅಕ್ಕ ಇಸ್ತ್ರಿ ಹಾಕಿಟ್ಟಿದ್ದ ಒಂದು ಕರ್ಚೀಫ್ ಕೊಟ್ಟಳು. "ಯಾರದ್ದೋ ಇದು, ಜಾಸ್ತಿ ಒದ್ದೆ ಮಾಡ್ಬೇಡ" ಅಂದಳು.

ಮಾರನೇ ದಿನ ಅವಳೇ ನನ್ನನ್ನು ಕರೆದುಕೊಂಡು ಹೋದಳು. ಮೆಟ್ಟಿಲಿಗೆ ಕಾಲು ಗಂಟೆ, ನನ್ನ ಕೈ ಹಿಡಿಯಲಿಲ್ಲ. ಭೂತಗನ್ನಡಿಯ ಮುಂದೆ ಕೂತು ಉಸಿರು ಸರಿಯಾಗುವವರೆಗೆ ಕಾದು ಹೇಳಿದಳು. "ಕಾರ್ಡು ನಿಮಗೆ ಕೊಡಲ್ಲ. ಫೀಸು ನೀವು ಕಟ್ಟಿ, ಹರಾಜಿಗೆ ಹಾಕಿ. ಬಂದಿದ್ದರಲ್ಲಿ ಫೀಸು ಮುರ್ಕೊಳ್ಳಿ, ಹತ್ತರಲ್ಲಿ ಒಂದು ಪಾಲು ನಿಮ್ಮ ಕಮಿಷನ್ನು. ಬೇಡ ಅಂದ್ರೆ ಈಗಲೇ ಹೇಳಿ, ಬೇರೆ ಅಂಗಡಿಗೆ ಇನ್ನೂ ಮೆಟ್ಟಿಲು ಹತ್ತಬೇಕು."

ಅವನು ಮಸೂರ ತೆಗೆದು ಎರಡು ಕಣ್ಣಲ್ಲೂ ಅವಳನ್ನು ನೋಡಿದ. ಆಮೇಲೆ ಹರಾಜಿನ ಫಾರಂ ತೆಗೆದ. ಕನಿಷ್ಠ ಬೆಲೆ ಅನ್ನೋ ಕಾಲಂ ಬಂತು. ಪೆನ್ನು ನನ್ನ ಕೈಯಲ್ಲಿತ್ತು.

"ಎಷ್ಟು ಬರೀಲಿ ಅಕ್ಕ?"

"ಎರಡೂವರೆ ಲಕ್ಷ."

"ಕಂಪನಿಯವರೇ ಎರಡು ನಲವತ್ತು ಅಂದಿದಾರಲ್ಲಮ್ಮ" ಅಂದ ಭೂತಗನ್ನಡಿ.

"ಅವರು ಕಾರ್ಡಿನ ಮೂಲೆ ನೋಡಿದಾರೆ. ಪೆನಾಲ್ಟಿ ನೋಡಿಲ್ಲ" ಅಂದಳು ಅಕ್ಕ. ನನ್ನ ಕಡೆ ತಿರುಗಿ, "ನಾಲ್ಕು ಸೊನ್ನೆ. ಎಣಿಸಿ ಬರಿ" ಅಂದಳು.

ಹರಾಜಿನಲ್ಲಿ ಎರಡು ಅರವತ್ತಕ್ಕೆ ಹೋಯಿತು. ಫೀಸು ಹೋಯಿತು, ಕಮಿಷನ್ ಹೋಯಿತು, ಮಂಡಿಗೆ ಸಾಕಾಗಿ ಇನ್ನೂ ಉಳಿಯಿತು. ಆ ಫೀಸಿನ ಮೇಲೆ ನನ್ನ ಕೋಪ ಇವತ್ತಿಗೂ ಇಳಿದಿಲ್ಲ, ಇಳಿಯೋದೂ ಇಲ್ಲ. ಆಸ್ಪತ್ರೆಗೆ ಸೇರಿಸಿದ ದಿನ ಕೌಂಟರಿನಲ್ಲಿ ಮತ್ತೊಂದು ಫಾರಂ ಕೊಟ್ಟರು. ಹೆಸರು, ವಯಸ್ಸು ಬರೆದೆ. ಮುಂದಿನ ಕಾಲಂ ಉದ್ಯೋಗ. ಗೋಲ್‌ಕೀಪರ್ ಅಂತ ಬರೆದುಬಿಡೋಣ, ಅಕ್ಕನಿಗೆ ಖುಷಿಯಾಗುತ್ತೆ ಅಂತ ಪೆನ್ನು ಊರಿದವಳು, ನೆನಪಾಗಿ ನಿಲ್ಲಿಸಿದೆ.

"ಇಲ್ಲಿ ಏನು ಬರೀಲಿ ಅಕ್ಕ?"

ಅಕ್ಕ ಗಾಲಿ ಕುರ್ಚಿಯಿಂದ ಕತ್ತೆತ್ತಿ ನೋಡಿದಳು.

"ಇಸ್ತ್ರಿ ಅಂತ ಬರಿ. ಯಾಕೆ, ಅದೇನು ಕಮ್ಮಿನಾ?"