ಅಂಗಾಲಿನ ಸೂಜಿ

ನಲವತ್ತೆಂಟು ವರ್ಷ ಕೋಟು ಹೊಲಿದವನು ಆ ದರ್ಜಿ. ಗಿರಾಕಿ ಹೊಸ್ತಿಲು ದಾಟುವಷ್ಟರಲ್ಲಿ ಕಣ್ಣಳತೆಯಲ್ಲೇ ಭುಜ, ಎದೆ ಎಷ್ಟೆಂದು ಹೇಳಿಬಿಡುತ್ತಿದ್ದ; ಟೇಪು ಬರೀ ಮರ್ಯಾದೆಗೆ. ಎಪ್ಪತ್ತಾರಕ್ಕೆ ಮರೆವು ಹಿಡಿಯಿತು. ಒಂದೇ ಅಂಗಿಗೆ ಮೂರು ತೋಳು ಹಚ್ಚಿದ ದಿನ ಮಗಳು ಅಂಗಡಿ ಮುಚ್ಚಿಸಿ ಮಿಷನ್ ಮನೆಗೆ ತಂದಿಟ್ಟಳು. ಅವನು ಬರಿಗಾಲಲ್ಲಿ ಕೂತು ಚಿಂದಿಗಳ ಮೇಲೆ ಹೊಲಿಗೆ ಓಡಿಸುತ್ತಿದ್ದ.

ಒಂದು ಬೆಳಿಗ್ಗೆ ಮಿಷನ್ನಿನ ಸೂಜಿ ಮುರಿಯಿತು. ತುಂಡು ಹುಡುಕಲು ಎದ್ದವನ ಬಲ ಅಂಗಾಲಿಗೆ ಅದೇ ಹೊಕ್ಕು ಒಳಗೇ ಉಳಿಯಿತು. ಹೇಗೆ ಹೊಕ್ಕಿತೆಂಬುದು ಸಂಜೆಗೆ ಮರೆತುಹೋಯಿತು; ನೋವು ಉಳಿಯಿತು.

"ಡಾಕ್ಟರೇ, ಕಾಲಲ್ಲಿ ಸೂಜಿ ಇದೆ," ಎಂದ ತಿಂಗಳ ತಪಾಸಣೆಯಲ್ಲಿ.

ಡಾಕ್ಟರು ಅವನತ್ತ ತಿರುಗಲೂ ಇಲ್ಲ. ಮಗಳನ್ನು ಕೇಳಿದರು: "ಯಾವಾಗಿಂದ ಹೀಗೆ ಹೇಳ್ತಿದಾರೆ?"

"ಒಂದು ವಾರ ಆಯ್ತು. ನಿನ್ನೆ ದಿಂಬಲ್ಲೂ ಸೂಜಿ ಇದೆ ಅಂದ್ರು."

"ಜೀವಮಾನವೆಲ್ಲ ಸೂಜಿ ಹಿಡಿದವರಲ್ವಾ, ತಲೆ ತುಂಬಾ ಅದೇ!" ಡಾಕ್ಟರು ನಕ್ಕರು. ಮಗಳೂ ನಕ್ಕಳು.

ಇಬ್ಬರ ನಡುವೆ ಕೂತವನಿಗೆ ಮೈ ಉರಿಯಿತು. "ಕಾಲುಚೀಲ ತೆಗೀತೀನಿ, ನೀವೇ ನೋಡಿ," ಎಂದು ಬಗ್ಗಿದ.

"ಬೇಡ ತಾತ, ಹೊರಗೆ ಜನ ಕಾಯ್ತಿದಾರೆ." ನಿದ್ದೆ ಮಾತ್ರೆ ಬರೆದುಕೊಟ್ಟರು.

ಮುಂದಿನ ತಿಂಗಳೂ ಅದೇ ಹೇಳಿದ. ಮಾತ್ರೆ ಎರಡಾಯಿತು. ಆಮೇಲೆ ಅವನ ಬಾಯೇ ಕಟ್ಟಿತು. "ಈಗ ಎಷ್ಟೋ ವಾಸಿ," ಎಂದಳು ಮಗಳು. ಸಕ್ಕರೆ ಕಾಯಿಲೆಯ ಮೈ; ಕಾಲು ಒಳಗೊಳಗೇ ಕೊಳೆಯುತ್ತಿತ್ತು. ಕೊನೆಗೆ ಒಂದು ತಪಾಸಣೆಯಲ್ಲಿ ವಾಸನೆ ತಾಳಲಾರದೆ ಆಸ್ಪತ್ರೆಯ ನರ್ಸಮ್ಮ ಕಾಲುಚೀಲ ಎಳೆದಳು. ಎಕ್ಸ್‌ರೇಯಲ್ಲಿ ಅರ್ಧ ಸೂಜಿ ಬೆಳ್ಳಗೆ ಕಂಡಿತು. ಮೂರನೇ ದಿನ ಮೊಣಕಾಲ ಕೆಳಗೆ ಕತ್ತರಿಸಿದರು.

ಡಾಕ್ಟರು ಮಗಳನ್ನು ಪಕ್ಕಕ್ಕೆ ಕರೆದರು. "ಪುಣ್ಯಕ್ಕೆ ಅವರಿಗೆ ಇದ್ಯಾವುದೂ ನೆನಪಿರಲ್ಲ ಬಿಡಿ."

ಮಾತು ನಿಜ. ಅದಕ್ಕೇ ದಿನಾ ಬೆಳಿಗ್ಗೆ ಹೊದಿಕೆ ಸರಿಸಿದಾಗ ಕಾಲು ಹೊಸದಾಗಿ ಹೋಗುತ್ತಿತ್ತು. "ನನ್ನ ಕಾಲು ಯಾರು ತಗೊಂಡ್ರು?" ಮೊದಮೊದಲು ಮಗಳು ನಡೆದದ್ದನ್ನೇ ಹೇಳಿದಳು, ಪ್ರತಿಸಲವೂ ಅವನು ಆಗಷ್ಟೇ ಕತ್ತರಿಸಿದಂತೆ ಚೀರಿಕೊಂಡ.

ಹನ್ನೆರಡನೇ ಬೆಳಿಗ್ಗೆ ಅವಳಿಗೆ ಸಾಕಾಯಿತು. "ಅಪ್ಪಾ, ಆ ಕಾಲು ಹುಟ್ಟಿದಾಗಿಂದ್ಲೂ ಇರಲಿಲ್ಲ."

ಅವನು ಹೊದಿಕೆ ಮತ್ತೆ ಎಳೆದುಕೊಂಡ. "ಹಾಗಿದ್ರೂ ನಿಮ್ಮಮ್ಮ ನನ್ನ ಮದುವೆ ಆದಳಾ?"

"ಹೂಂ."

ಅವನ ಮುಖ ಅರಳಿತು. ಅಂದಿನಿಂದ ದಿನಾ ಅದನ್ನೇ ಹೇಳಿದಳು. ನಿಜಕ್ಕಿಂತ ಬೇಗ ಮುಗಿಯುತ್ತಿತ್ತು.